ಮಾತ್ರೆಯ ಮಹಿಮೆ: ಕೆಟಮೈನ್ ಎಂಬ ಔಷಧದ ಇತಿಹಾಸ

೧

ಗುಳಿಗೆಗೆ ಕನ್ನಡದಲ್ಲಿ ಮಾತ್ರೆಯೆಂಬ ಹೆಸರು ರೂಢಿಯಾಗಿರುವುದು. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಅಳತೆಯೆಂಬುದೇ ಮೊದಲಿನ ಅರ್ಥ. ಛಂದಶ್ಶಾಸ್ತ್ರದಲ್ಲಿ ಅಕ್ಷರವನ್ನು ಉಚ್ಚರಿಸುವ ಕಾಲದ ಅಳತೆಯು ಮಾತ್ರೆ; ವೈದ್ಯಶಾಸ್ತ್ರದಲ್ಲಿ ಔಷಧದ ಪ್ರಮಾಣವು ಮಾತ್ರೆ. ಅಳತೆಯ ಹೆಸರೇ ಅಳೆಯಲ್ಪಟ್ಟ ವಸ್ತುವಿಗೆ ಬಂದು ನಿಂತುದು ಅಕಾರಣವಲ್ಲ. ಒಂದೇ ಪದಾರ್ಥವು ಪ್ರಮಾಣಭೇದದಿಂದ ಔಷಧವೂ ವಿಷವೂ ಆಗಬಲ್ಲುದೆಂಬುದನ್ನು ಪ್ರಾಚೀನ ವೈದ್ಯರು ಚೆನ್ನಾಗಿ ಅರಿತಿದ್ದರು. ಈ ಮಾತಿಗೆ ಇತ್ತೀಚಿನ ಕಾಲದಲ್ಲಿ ನಿದರ್ಶನವನ್ನು ಅರಸುವವರಿಗೆ ಕೆಟಮೈನ್ ಎಂಬ ಔಷಧದ ಚರಿತ್ರೆಯು ಒದಗಿ ಬರುವುದು.

ಶಸ್ತ್ರವೈದ್ಯನ ಕೈಯಲ್ಲಿ ಇದು ಕೊಯ್ಲಿನ ನೋವನ್ನು ಮರೆಯಿಸುವ ಅರಿವಳಿಕೆ. ಅಳತೆಯನ್ನು ತಗ್ಗಿಸಿ, ಹನಿಹನಿಯಾಗಿ ರಕ್ತನಾಳಕ್ಕೆ ಇಳಿಸಿದಲ್ಲಿ, ಬೇರೆ ಮದ್ದುಗಳಿಗೆ ಬಗ್ಗದ ವಿಷಾದರೋಗವನ್ನು ಕೆಲವು ಗಂಟೆಗಳಲ್ಲಿಯೇ ಸಡಲಿಸುವ ಔಷಧ. ಅಳತೆಯೂ ಮೇಲ್ವಿಚಾರಣೆಯೂ ಇಲ್ಲದವರ ಕೈಗೆ ಸೇರಿದಾಗ ಮನಸ್ಸನ್ನೂ ಮೂತ್ರಾಶಯವನ್ನೂ ಕೆಡಿಸುವ ದುಶ್ಚಟ. ಈ ಮೂರು ರೂಪಗಳೂ ಒಂದೇ ವಸ್ತುವಿನವು. ಇವು ಒಂದಾದ ಮೇಲೊಂದು ಹೇಗೆ ಪ್ರಕಟವಾದುವು, ಈ ತಿಳಿವಳಿಕೆಗಾಗಿ ಮೊದಲು ಮೈಯೊಡ್ಡಿದವರು ಯಾರು ಎಂಬುದನ್ನು ವಿಚಾರಿಸುವುದು ಉಚಿತವಾಗಿರುವುದು.

೨

ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯ ಪ್ರಯೋಗವು ಬಹಳ ಪುರಾತನವಾದುದಲ್ಲ. ೧೮೪೬ನೆಯ ಇಸವಿ ಅಕ್ಟೋಬರ್ ೧೬ರಂದು ಅಮೆರಿಕೆಯ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ರೋಗಿಗೆ ಈಥರಿನ ಆವಿಯನ್ನು ಉಸಿರಾಡಿಸಿ, ಕುತ್ತಿಗೆಯಲ್ಲಿದ್ದ ಗಡ್ಡೆಯನ್ನು ಶಸ್ತ್ರವೈದ್ಯನು ಕೊಯ್ಯುವಾಗ ನೋವು ತೋರದಂತೆ ಮಾಡಿದನು. ಮರುವರ್ಷವೇ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಎಂಬ ವೈದ್ಯನು ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ಅಂದಿನಿಂದ ಮುಂದಿನ ಒಂದು ಶತಮಾನದಲ್ಲಿ ಶಸ್ತ್ರಚಿಕಿತ್ಸೆಯು ಬೆಳೆದುದಕ್ಕೆ ಇಂತಹ ಮದ್ದುಗಳೇ ಮುಖ್ಯ ಕಾರಣಗಳಲ್ಲಿ ಸೇರಿದುವು. ಆದರೆ ಇವುಗಳಲ್ಲಿ ಒಂದು ದೋಷವಿದ್ದಿತು. ಅರಿವನ್ನು ಅಳಿಸುವ ಔಷಧವು ಅಷ್ಟಕ್ಕೆ ನಿಲ್ಲದೆ, ಪ್ರಮಾಣವು ಸ್ವಲ್ಪ ಮೀರಿದರೂ ಉಸಿರನ್ನೂ ರಕ್ತದ ಒತ್ತಡವನ್ನೂ ಕುಗ್ಗಿಸುತ್ತಿದ್ದಿತು. ಆದುದರಿಂದ ನೋವನ್ನು ಮಾತ್ರ ಕಳೆದು ಉಸಿರನ್ನು ಅದರ ಪಾಡಿಗೆ ಬಿಡುವ ಮದ್ದೊಂದು ದೊರೆತೀತೇ ಎಂದು ರಸಾಯನಶಾಸ್ತ್ರಜ್ಞರು ಹುಡುಕುತ್ತಿದ್ದರು.

ಅಮೆರಿಕೆಯ ಡೆಟ್ರಾಯಿಟ್ ನಗರದಲ್ಲಿದ್ದ ಪಾರ್ಕ್-ಡೇವಿಸ್ ಎಂಬ ಔಷಧ ಕಂಪೆನಿಯಲ್ಲಿ ೧೯೫೬ರಲ್ಲಿ ಹೆರಾಲ್ಡ್ ಮ್ಯಾಡಾಕ್ಸ್ ಎಂಬ ರಸಾಯನಜ್ಞನು ಫೆನ್‌ಸೈಕ್ಲಿಡಿನ್ ಎಂಬ ಸಂಯುಕ್ತವನ್ನು ಸಿದ್ಧಗೊಳಿಸಿದನು. ಅದೇ ಕಂಪೆನಿಯ ಗ್ರಹಾಂ ಚೆನ್ ಎಂಬ ಔಷಧಶಾಸ್ತ್ರಜ್ಞನು ಅದನ್ನು ಪ್ರಾಣಿಗಳಿಗೆ ಕೊಟ್ಟು ನೋಡಲು, ಅವು ಕಣ್ಣು ತೆರೆದುಕೊಂಡಿದ್ದಂತೆಯೇ ಅಲುಗದೆ ನಿಂತುವು. ನೋವಿನ ಪರಿವೆಯೇ ಅವುಗಳಿಗಿರಲಿಲ್ಲ. ಉಸಿರಾಟ ಮಾತ್ರ ಸರಾಗವಾಗಿದ್ದಿತು. ಬಯಸಿದ ಮದ್ದೇ ದೊರೆಯಿತೆಂದು ತೋರಿತು. ಸೆರ್ನಿಲ್ ಎಂಬ ಪ್ರಶಾಂತಾರ್ಥದ ಹೆಸರನ್ನಿಟ್ಟು ಅದನ್ನು ಮನುಷ್ಯರಲ್ಲಿಯೂ ಪರೀಕ್ಷಿಸಿದರು. ಶಸ್ತ್ರಕಾರ್ಯವೇನೋ ನೋವಿಲ್ಲದೆ ನೆರವೇರಿತು. ಆದರೆ ಎಚ್ಚರವಾಗುವ ಹೊತ್ತಿಗೆ ಹಲವು ರೋಗಿಗಳು ಪ್ರಶಾಂತರಾಗಿರಲಿಲ್ಲ; ಗಂಟೆಗಟ್ಟಲೆ ಕಳವಳಗೊಂಡು, ಬಡಬಡಿಸಿ, ತಮ್ಮ ಕೈಕಾಲುಗಳೇ ತಮ್ಮವಲ್ಲವೆಂಬಂತೆ ವರ್ತಿಸಿದರು. ಈ ಸ್ಥಿತಿಯು ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಾರವನ್ನು ಬಹುಮಟ್ಟಿಗೆ ಹೋಲುವುದೆಂದು ೧೯೫೯ರಲ್ಲಿ ಡೆಟ್ರಾಯಿಟಿನ ಮನೋವೈದ್ಯರು ಪ್ರಕಟಿಸಿದರು. ಕಡೆಗೆ ೧೯೬೫ರಲ್ಲಿ ಮನುಷ್ಯರ ಚಿಕಿತ್ಸೆಯಿಂದ ಈ ಔಷಧವನ್ನು ಹಿಂದೆಗೆದುಕೊಂಡರು.

ಇಷ್ಟಾದರೂ ಕಂಪೆನಿಯು ಹುಡುಕಾಟವನ್ನು ಬಿಡಲಿಲ್ಲ. ಗುಣವನ್ನು ಉಳಿಸಿಕೊಂಡು ದೋಷವನ್ನು ಕಳೆಯಬಲ್ಲ ಸಮೀಪಜಾತಿಯ ವಸ್ತುವೊಂದನ್ನು ಪಡೆಯಬೇಕೆಂಬುದು ಅದರ ಉದ್ದೇಶವಾಗಿದ್ದಿತು. ಡೆಟ್ರಾಯಿಟಿನ ವೇಯ್ನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದು, ಕಂಪೆನಿಗೆ ಸಲಹೆಗಾರನೂ ಆಗಿದ್ದ ಕಾಲ್ವಿನ್ ಸ್ಟೀವನ್ಸನು ೧೯೬೨ರಲ್ಲಿ ಅಂತಹ ವಸ್ತುವೊಂದನ್ನು ನಿರ್ಮಿಸಿದನು. ಕಂಪೆನಿಯ ದಪ್ತರಿನಲ್ಲಿ ಅದಕ್ಕೆ 'ಸಿ.ಐ. ೫೮೧' ಎಂಬ ಗುರುತು. ಅದರ ರಚನೆಯಲ್ಲಿ ಕೀಟೋನ್, ಅಮೈನ್ ಎಂಬ ಎರಡು ರಾಸಾಯನಿಕ ಅಂಗಗಳಿರುವುದರಿಂದ ಆ ಎರಡು ಹೆಸರುಗಳು ಕೂಡಿ ಕೆಟಮೈನ್ ಎಂಬ ಸಂಜ್ಞೆಯು ಹುಟ್ಟಿತು. ಪ್ರಾಣಿಗಳಲ್ಲಿ ಪರೀಕ್ಷಿಸಲಾಗಿ, ಹಿಂದಿನ ಔಷಧಕ್ಕಿಂತ ಇದರ ಪ್ರಭಾವವು ಬಹಳ ಬೇಗನೆ ಇಳಿಯುವುದೆಂದು ಕಂಡುಬಂದಿತು.

೩

ಇನ್ನು ಮನುಷ್ಯರಲ್ಲಿ ಪರೀಕ್ಷಿಸಬೇಕಾಗಿದ್ದಿತು. ಈ ಕೆಲಸವನ್ನು ಮಿಷಿಗನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಡಾಮಿನೋ ಎಂಬ ಔಷಧಶಾಸ್ತ್ರಜ್ಞನೂ ಗುಂಟರ್ ಕಾರ್ಸನ್ ಎಂಬ ಅರಿವಳಿಕೆಯ ವೈದ್ಯನೂ ವಹಿಸಿಕೊಂಡರು. ೧೯೬೪ರ ಆಗಸ್ಟ್ ೩ರಂದು ಮೊದಲನೆಯ ಮನುಷ್ಯನಿಗೆ ಕೆಟಮೈನನ್ನು ಕೊಟ್ಟರು. ಆ ಮನುಷ್ಯನು ಆಸ್ಪತ್ರೆಯ ರೋಗಿಯಾಗಿರಲಿಲ್ಲ. ಮಿಷಿಗನ್ ಸಂಸ್ಥಾನದ ಜಾಕ್ಸನ್ ಎಂಬಲ್ಲಿಯ ಸೆರೆಮನೆಯಲ್ಲಿ ಶಿಕ್ಷೆಯನ್ನು ಅನುಭವಿಸುತ್ತಿದ್ದ ಕೈದಿಯಾಗಿದ್ದನು. ಆ ಸೆರೆಮನೆಯ ಆವರಣದೊಳಗೆ ಔಷಧ ಕಂಪೆನಿಗಳ ವೆಚ್ಚದಿಂದಲೇ ಪರೀಕ್ಷಾಲಯವು ಏರ್ಪಟ್ಟಿದ್ದಿತು. ಅಲ್ಲಿ ೨೦ ಮಂದಿ ಕೈದಿಗಳ ಮೇಲೆ, ಮೊದಲು ಅತ್ಯಲ್ಪ ಪ್ರಮಾಣದಲ್ಲಿಯೂ ಬಳಿಕ ಕ್ರಮವಾಗಿ ಏರಿಸುತ್ತಲೂ ಪರೀಕ್ಷೆಯು ನಡೆಯಿತು.

ಅಳತೆಯು ಏರಿದಂತೆ ಅವರು ಎಚ್ಚರವಿದ್ದೂ ಇಲ್ಲದಂತಾದರು. ಕಣ್ಣು ತೆರೆದಿದ್ದಿತು, ನೋಟವಿರಲಿಲ್ಲ. ಉಸಿರು ನಡೆಯುತ್ತಿದ್ದಿತು, ಚುಚ್ಚಿದರೂ ನೋವು ತಿಳಿಯುತ್ತಿರಲಿಲ್ಲ. ತಿಳಿದೆದ್ದ ಮೇಲೆ ಕೆಲವರು ತಾವು ಆಕಾಶದಲ್ಲಿ ತೇಲುತ್ತಿದ್ದಂತೆ ತೋರಿತೆಂದೂ, ಕೈಕಾಲುಗಳ ಪರಿವೆಯೇ ಇರಲಿಲ್ಲವೆಂದೂ ಹೇಳಿದರು. ಈ ವಿಚಿತ್ರಾವಸ್ಥೆಗೆ ಯಾವ ಹೆಸರನ್ನಿಡುವುದೆಂಬುದೇ ವೈದ್ಯರಿಗೆ ಸಮಸ್ಯೆಯಾಯಿತು. ಸ್ವಪ್ನವೆಂಬರ್ಥದ ಹೆಸರು ಕಂಪೆನಿಗೆ ಒಪ್ಪಿಗೆಯಾಗಲಿಲ್ಲ. ಚಿತ್ತವಿಕಾರವನ್ನು ಸೂಚಿಸುವ ಹೆಸರಂತೂ ಔಷಧಕ್ಕೆ ಕಳಂಕವನ್ನೇ ತರುತ್ತಿದ್ದಿತು. ಡಾಮಿನೋವು ಮನೆಯಲ್ಲಿ ತನ್ನ ಪತ್ನಿಯಾದ ಟೋನಿಯೊಡನೆ ಈ ವಿಷಯವನ್ನು ಪ್ರಸ್ತಾಪಿಸಲು, ಮನಸ್ಸು ಸುತ್ತಲಿನ ಲೋಕದೊಡನೆ ಸಂಬಂಧವನ್ನು ಕಡಿದುಕೊಂಡಂತಿರುವುದನ್ನು ಕೇಳಿ, 'ಡಿಸೋಸಿಯೇಟಿವ್' ಎಂಬ ಪದವನ್ನು ಆಕೆಯೇ ಸೂಚಿಸಿದಳೆಂದು ಅವನು ಮುಂದೆ ಬರೆದಿರುವನು. ಆ ಪದವೇ ಶಾಸ್ತ್ರದಲ್ಲಿ ನೆಲೆಗೊಂಡಿತು. ಕನ್ನಡದಲ್ಲಿ ಇದನ್ನು ವಿಯೋಜಕ ಅರಿವಳಿಕೆಯೆನ್ನಬಹುದು. ಸಾಮಾನ್ಯವಾದ ಅರಿವಳಿಕೆಯು ಮನೆಯ ದೀಪವನ್ನೇ ಆರಿಸುವುದು. ಇದಾದರೋ ಒಳಗೆ ದೀಪವನ್ನು ಉರಿಯಗೊಟ್ಟು ಬಾಗಿಲುಗಳನ್ನು ಮಾತ್ರ ಮುಚ್ಚುವುದು. ಹೊರಗಿನ ನೋವೂ ಧ್ವನಿಯೂ ಒಳಗಿನವನಿಗೆ ಮುಟ್ಟುವುದಿಲ್ಲ.

ಕೈದಿಗಳು ಸ್ವಇಚ್ಛೆಯಿಂದ ಒಪ್ಪಿದವರೆಂದು ಆ ಕಾಲದ ಪ್ರಬಂಧವು ಹೇಳುವುದು. ಆದರೆ ಬಂಧನದಲ್ಲಿರುವವನ ಇಚ್ಛೆಯನ್ನು ಎಷ್ಟರಮಟ್ಟಿಗೆ ಸ್ವಂತದ್ದೆಂದು ಎಣಿಸಬೇಕೆಂಬ ಪ್ರಶ್ನೆಯು ಆ ಮೇಲಿನ ವರ್ಷಗಳಲ್ಲಿ ಅಮೆರಿಕೆಯಲ್ಲಿಯೇ ತೀವ್ರವಾಗಿ ಎದ್ದಿತು. ೧೯೭೬ರಲ್ಲಿ ರಾಷ್ಟ್ರೀಯ ಆಯೋಗವೊಂದು ಈ ವಿಷಯದಲ್ಲಿ ವರದಿಯನ್ನು ಒಪ್ಪಿಸಿತು. ೧೯೭೮ರಲ್ಲಿ ಕೈದಿಗಳ ಮೇಲಿನ ಪ್ರಯೋಗಗಳನ್ನು ಬಿಗಿಯಾಗಿ ಮಿತಿಗೊಳಿಸುವ ನಿಯಮಗಳು ಬಂದುವು. ಅಷ್ಟರಲ್ಲಿ ಕೆಟಮೈನು ಬಳಕೆಗೆ ಬಂದು ಎಂಟು ವರ್ಷಗಳು ಕಳೆದಿದ್ದುವು.

೪

೧೯೭೦ರಲ್ಲಿ ಅಮೆರಿಕೆಯ ಔಷಧಾಡಳಿತವು ಕೆಟಮೈನಿಗೆ ಅನುಮತಿಯನ್ನಿತ್ತಿತು. ಅದಾಗ ವಿಯೆಟ್ನಾಂ ಯುದ್ಧದ ಕಾಲ. ಗಾಯಾಳುಗಳಿಗೆ ರಣಾಂಗಣದ ಬಳಿಯಲ್ಲಿಯೇ ಶಸ್ತ್ರಚಿಕಿತ್ಸೆಯನ್ನು ಮಾಡಬೇಕಾಗಿದ್ದ ಸೇನಾವೈದ್ಯರು ಈ ಮದ್ದನ್ನು ಬಳಸಿದರು. ರಕ್ತವನ್ನು ಕಳೆದುಕೊಂಡವನ ರಕ್ತದ ಒತ್ತಡವನ್ನು ಇತರ ಅರಿವಳಿಕೆಗಳು ಇನ್ನಷ್ಟು ಇಳಿಸಿದರೆ, ಕೆಟಮೈನು ಸಾಮಾನ್ಯವಾಗಿ ಅದನ್ನು ಎತ್ತಿ ಹಿಡಿಯುವುದು. ಉಸಿರನ್ನು ಸಾಧಾರಣವಾಗಿ ತಡೆಯುವುದಿಲ್ಲ. ರಕ್ತನಾಳವು ಸಿಕ್ಕದಿದ್ದರೆ ಮಾಂಸಖಂಡಕ್ಕೆ ಚುಚ್ಚಬಹುದು. ದೊಡ್ಡ ಯಂತ್ರಗಳೂ ಅನಿಲದ ಸಿಲಿಂಡರುಗಳೂ ಇಲ್ಲದೆಡೆಯಲ್ಲಿಯೂ ಕೆಲಸ ಸಾಗುವುದು. ಈ ಗುಣಗಳೇ ಬಡ ದೇಶಗಳ ಚಿಕ್ಕ ಆಸ್ಪತ್ರೆಗಳಿಗೆ ವರವಾದುವು. ವಿದ್ಯುಚ್ಛಕ್ತಿಯು ನೆಚ್ಚತಕ್ಕುದಾಗಿರದ, ಅರಿವಳಿಕೆಯ ತಜ್ಞನು ದೊರೆಯದ ಊರುಗಳಲ್ಲಿ ಹೆರಿಗೆಯ ಶಸ್ತ್ರಕ್ರಿಯೆಗಳೂ ಮುರಿದ ಮೂಳೆಗಳ ಜೋಡಣೆಯೂ ಈ ಮದ್ದಿನಿಂದ ನಡೆಯುತ್ತಿರುವುವು. ೧೯೮೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು.

ಈ ಗುಣಕ್ಕೆ ಲೋಕಪ್ರಸಿದ್ಧವಾದ ನಿದರ್ಶನವು ೨೦೧೮ರ ಜುಲೈಯಲ್ಲಿ ದೊರೆಯಿತು. ಥಾಯ್‌ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ನೆರೆನೀರಿನಿಂದ ಸಿಕ್ಕಿಬಿದ್ದಿದ್ದ ೧೨ ಮಂದಿ ಹುಡುಗರನ್ನೂ ಅವರ ತರಬೇತುದಾರನನ್ನೂ ನೀರಿನಡಿಯ ಇಕ್ಕಟ್ಟಾದ ದಾರಿಯಲ್ಲಿ ಮುಳುಗುಗಾರರು ಹೊರತಂದರು. ಎಚ್ಚರವಿದ್ದಿದ್ದರೆ ಮಕ್ಕಳು ಭಯದಿಂದ ಒದ್ದಾಡಿ ಪ್ರಾಣವನ್ನು ಕಳೆದುಕೊಳ್ಳುತ್ತಿದ್ದರು. ಉಸಿರನ್ನು ಕುಗ್ಗಿಸುವ ಮದ್ದನ್ನು ಕೊಟ್ಟಿದ್ದರೂ ಅದೇ ಗತಿಯಾಗುತ್ತಿದ್ದಿತು. ಆಸ್ಟ್ರೇಲಿಯದ ಅರಿವಳಿಕೆಯ ವೈದ್ಯನಾದ ರಿಚರ್ಡ್ ಹ್ಯಾರಿಸನು ಅವರಿಗೆ ಕೆಟಮೈನನ್ನು ಮುಖ್ಯವಾಗಿ ಬಳಸಿ ನಿದ್ರೆಗೊಳಿಸಿದನು. ಅಷ್ಟು ಮಂದಿಯೂ ಜೀವಸಹಿತರಾಗಿ ಹೊರಬಂದರು.

ಆದರೂ ದೋಷವು ಪೂರ್ಣವಾಗಿ ಹೋಗಿರಲಿಲ್ಲ. ಎಚ್ಚರಗೊಳ್ಳುವಾಗ ಕೆಲವರಿಗೆ ದುಃಸ್ವಪ್ನಗಳೂ ಭ್ರಾಂತಿಗಳೂ ಉಂಟಾಗುತ್ತಿದ್ದುವು. ಶ್ರೀಮಂತ ದೇಶಗಳಲ್ಲಿ ಬೇರೆ ಅರಿವಳಿಕೆಗಳು ಬಂದಂತೆ ವೈದ್ಯರು ಕೆಟಮೈನನ್ನು ಹಿಂದಕ್ಕೆ ಸರಿಸಿದರು. ಶಸ್ತ್ರವೈದ್ಯರು ಹೋಗಲಾಡಿಸಬೇಕೆಂದು ಹೆಣಗಿದ ಈ ಮನೋವ್ಯಾಪಾರದ ಕಡೆಗೆ ಮನೋವೈದ್ಯರು ಕುತೂಹಲದಿಂದ ತಿರುಗಿದುದೇ ಕಥೆಯ ಉತ್ತರಾರ್ಧವು.

೫

ವಿಷಾದರೋಗವೆಂಬುದು ಸಾಮಾನ್ಯವಾದ ದುಃಖವಲ್ಲ. ದುಃಖಕ್ಕೆ ಕಾರಣವಿರುವುದು, ಕಾಲಕ್ರಮದಲ್ಲಿ ಅದು ಇಳಿಯುವುದು. ಈ ರೋಗದಲ್ಲಾದರೋ ಅನ್ನ, ನಿದ್ರೆ, ಮಕ್ಕಳು, ಮನೆ, ಯಾವುದರಲ್ಲಿಯೂ ರುಚಿಯಿಲ್ಲದಂತಾಗಿ, ಬದುಕಿರುವುದೇ ಭಾರವಾಗಿ, ಕೆಲವರು ಆತ್ಮಹತ್ಯೆಯ ವರೆಗೂ ಹೋಗುವರು. ಸ್ವಿಟ್ಜರ್ಲೆಂಡಿನ ರೋಲಾಂಡ್ ಕುನ್ ಎಂಬ ಮನೋವೈದ್ಯನು ೧೯೫೭ರಲ್ಲಿ ಇಮಿಪ್ರಮಿನ್ ಎಂಬ ಮದ್ದಿನಿಂದ ಈ ರೋಗವು ಗುಣವಾಗುವುದನ್ನು ಪ್ರಕಟಿಸಿದನು. ಅಲ್ಲಿಂದೀಚೆಗೆ ಅನೇಕ ಮದ್ದುಗಳು ಬಂದಿರುವುವು. ಅಸಂಖ್ಯಾತ ಜನರು ಅವುಗಳಿಂದ ಗುಣಹೊಂದಿರುವರು. ಆದರೆ ಅವುಗಳ ಫಲವು ತೋರುವುದಕ್ಕೆ ಎರಡು ವಾರ, ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕಾಗುವುದು. ಕೆಲವು ರೋಗಿಗಳಿಗೆ ಎಷ್ಟು ಮದ್ದುಗಳನ್ನು ಬದಲಾಯಿಸಿದರೂ ಫಲವು ಕಾಣದು. ಸಾಯಬೇಕೆಂದು ನಿಶ್ಚಯಿಸಿದವನಿಗೆ ಒಂದು ತಿಂಗಳು ಕಾದಿರೆಂದು ಹೇಳುವುದು ವೈದ್ಯನಿಗೂ ಮನೆಯವರಿಗೂ ಎಷ್ಟು ಕಠಿನವೆಂಬುದನ್ನು ಅನುಭವಿಸಿದವರೇ ಬಲ್ಲರು.

ಕೆಟಮೈನನ್ನು ಮನೋರೋಗಗಳಲ್ಲಿ ಬಳಸಿದ ಸಂಗತಿಯನ್ನು ಇರಾನ್ ದೇಶದ ವೈದ್ಯರಿಬ್ಬರು ೧೯೭೩ರಷ್ಟು ಹಿಂದೆಯೇ ಪ್ರಕಟಿಸಿದ್ದರು; ಆದರೆ ಅದನ್ನು ಆಗ ಯಾರೂ ಹೆಚ್ಚಾಗಿ ಲಕ್ಷಿಸಲಿಲ್ಲ. ಇಂಗ್ಲೆಂಡಿನಲ್ಲಿ ಡೇವಿಡ್ ಲಾಡ್ಜ್ ಮತ್ತು ಸಂಗಡಿಗರು ೧೯೮೩ರಲ್ಲಿ ಈ ಮದ್ದಿನ ಕಾರ್ಯಸ್ಥಾನವನ್ನು ಗುರುತಿಸಿದರು. ಮಿದುಳಿನ ಜೀವಕೋಶಗಳು ಒಂದರೊಡನೊಂದು ಸಂದೇಶವನ್ನು ಕಳುಹಿಸಲು ಬಳಸುವ ರಾಸಾಯನಿಕ ದೂತರಲ್ಲಿ ಗ್ಲುಟಮೇಟ್ ಎಂಬುದು ಪ್ರಧಾನವಾದುದು. ಆ ದೂತನನ್ನು ಬರಮಾಡಿಕೊಳ್ಳುವ ದ್ವಾರಗಳಲ್ಲಿ ಎನ್.ಎಂ.ಡಿ.ಎ. ಎಂಬ ಒಂದು ಜಾತಿಯುಂಟು. ಕೆಟಮೈನು ಆ ದ್ವಾರಗಳನ್ನು ತಡೆಯುವುದು. ಇಂತಹ ತಡೆಯೊಡ್ಡುವ ವಸ್ತುಗಳು ಇಲಿಗಳಲ್ಲಿ ವಿಷಾದಹರ ಮದ್ದುಗಳಂತೆ ವರ್ತಿಸುವುವೆಂದು ೧೯೯೦ರಲ್ಲಿ ಅಮೆರಿಕೆಯ ಇಬ್ಬರು ವಿಜ್ಞಾನಿಗಳು ತೋರಿಸಿದರು. ೧೯೯೪ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಜಾನ್ ಕ್ರಿಸ್ಟಲ್ ಮುಂತಾದವರು, ಸ್ಕಿಜೋಫ್ರೀನಿಯಾದ ಸ್ವರೂಪವನ್ನು ತಿಳಿಯಬೇಕೆಂಬ ಉದ್ದೇಶದಿಂದ, ಆರೋಗ್ಯವಂತರಿಗೆ ಅಲ್ಪಪ್ರಮಾಣದ ಕೆಟಮೈನನ್ನು ಕೊಟ್ಟು ಪರೀಕ್ಷಿಸಿದರು. ಆ ಪರೀಕ್ಷೆಗಳಿಂದ ಸುರಕ್ಷಿತವಾದ ಅಳತೆಯೊಂದು ತಿಳಿದುಬಂದಿತು.

ಅದೇ ವಿಶ್ವವಿದ್ಯಾನಿಲಯದವರು ಬಳಿಕ ವಿಷಾದರೋಗಿಗಳಲ್ಲಿ ನಡೆಸಿದ ಪ್ರಯೋಗವು ೨೦೦೦ದಲ್ಲಿ ಪ್ರಕಟವಾಯಿತು. ತರ್ಕಶಾಸ್ತ್ರದಲ್ಲಿ ಕಾರಣವನ್ನು ನಿಶ್ಚಯಿಸುವುದಕ್ಕೆ ಅನ್ವಯ, ವ್ಯತಿರೇಕಗಳೆಂಬ ಎರಡು ಸಾಧನಗಳು: ಅದು ಇದ್ದರೆ ಇದು ಇರುವುದು, ಅದು ಇಲ್ಲದಿದ್ದರೆ ಇದೂ ಇಲ್ಲ. ಯೇಲಿನ ವೈದ್ಯರು ಅನುಸರಿಸಿದುದೂ ಇದೇ ಮಾರ್ಗವೇ. ಒಂದು ದಿನ ಕೆಟಮೈನನ್ನೂ, ಇನ್ನೊಂದು ದಿನ ಬರಿಯ ಉಪ್ಪುನೀರನ್ನೂ, ಯಾವುದು ಯಾವಾಗಿನದೆಂದು ತಿಳಿಸದೆ, ಒಬ್ಬನೇ ರೋಗಿಯ ರಕ್ತನಾಳಕ್ಕೆ ಇಳಿಸಿದರು. ಎರಡು ದಿನಗಳ ಪರೀಕ್ಷೆಯನ್ನೂ ಮುಗಿಸಿದವರು ಏಳೇ ಮಂದಿ. ಅಳತೆಯು ದೇಹದ ತೂಕದ ಪ್ರತಿಯೊಂದು ಕಿಲೋಗ್ರಾಮಿಗೆ ಅರ್ಧ ಮಿಲಿಗ್ರಾಂ. ಇಳಿಸಿದ ಕಾಲವು ೪೦ ನಿಮಿಷ. ೬೦ ಕಿಲೋಗ್ರಾಂ ತೂಗುವವನಿಗೆ ಅದು ೩೦ ಮಿಲಿಗ್ರಾಂ ಆಗುವುದು. ಶಸ್ತ್ರಚಿಕಿತ್ಸೆಗಾದರೆ ಅವನಿಗೆ ೬೦ರಿಂದ ೧೨೦ ಮಿಲಿಗ್ರಾಂ ವರೆಗೆ ಸುಮಾರು ಒಂದು ನಿಮಿಷದಲ್ಲಿ ಕೊಡುವುದು ರೂಢಿ. ಉಪ್ಪುನೀರಿನಿಂದ ಅಂತಹ ಫಲವು ತೋರಲಿಲ್ಲ. ಕೆಟಮೈನಿನಿಂದ ಮೂರು ದಿನಗಳೊಳಗೆ ವಿಷಾದವು ಗಮನಾರ್ಹವಾಗಿ ಇಳಿಯಿತು.

ಏಳು ಮಂದಿಯ ಸಾಕ್ಷ್ಯವನ್ನು ನಂಬಿ ಸಿದ್ಧಾಂತವನ್ನು ಕಟ್ಟಲಾಗದು. ೨೦೦೬ರಲ್ಲಿ ಅಮೆರಿಕೆಯ ರಾಷ್ಟ್ರೀಯ ಮಾನಸಿಕಾರೋಗ್ಯ ಸಂಸ್ಥೆಯ ಕಾರ್ಲೋಸ್ ಜರಾಟೆ ಮುಂತಾದವರು, ಹಲವು ಮದ್ದುಗಳಿಂದ ಗುಣ ಕಾಣದ ರೋಗಿಗಳಲ್ಲಿ ಅದೇ ಅಳತೆಯನ್ನು ಪರೀಕ್ಷಿಸಿದರು. ಕೆಟಮೈನನ್ನು ಪಡೆದವರು ೧೭ ಮಂದಿ. ಎರಡು ಗಂಟೆಗಳೊಳಗಾಗಿಯೇ ಫಲವು ತೋರಿತು. ಒಂದು ದಿನದ ಬಳಿಕ ೧೦೦ಕ್ಕೆ ೭೧ರಷ್ಟು ರೋಗಿಗಳು ಗಣನೀಯವಾಗಿ ಸುಧಾರಿಸಿದ್ದರು. ಆದರೆ ಒಂದು ವಾರದವರೆಗೆ ಆ ಫಲವು ಉಳಿದುದು ೧೦೦ಕ್ಕೆ ೩೫ರಷ್ಟು ಮಂದಿಯಲ್ಲಿ ಮಾತ್ರ. ಈ ಎರಡು ಸಂಖ್ಯೆಗಳನ್ನು ವಾಚಕರು ಒಟ್ಟಿಗೆ ಗ್ರಹಿಸತಕ್ಕುದು. ಮೊದಲನೆಯದನ್ನು ಮಾತ್ರ ಹೇಳುವವನು ಮದ್ದನ್ನು ಮಾರುವವನು. ಎರಡನೆಯದನ್ನು ಮಾತ್ರ ಹೇಳುವವನು ರೋಗಿಯ ಆಸೆಯನ್ನು ಕಡಿಯುವವನು.

೬

ಇಷ್ಟು ಶೀಘ್ರವಾಗಿ ಫಲ ತೋರುವುದಕ್ಕೆ ಕಾರಣವೇನು? ಕೆಲವು ದ್ವಾರಗಳು ಮುಚ್ಚಿದೊಡನೆ ಬೇರೆ ಮಾರ್ಗದಲ್ಲಿ ಗ್ಲುಟಮೇಟಿನ ಸಂಚಾರವು ಹೆಚ್ಚಿ, ವಿಷಾದದಲ್ಲಿ ಬಾಡಿಹೋದ ನರಸಂಧಿಗಳು ಮರಳಿ ಚಿಗುರುವುವೆಂಬುದು ಒಂದು ಪಕ್ಷ; ೨೦೧೦ರಲ್ಲಿ ಯೇಲಿನವರು ಇಲಿಗಳ ಮಿದುಳಿನಲ್ಲಿ ಅಂತಹ ಚಿಗುರುವಿಕೆಯನ್ನು ಕಂಡಿರುವರು. ಕೆಟಮೈನು ದೇಹದಲ್ಲಿ ಜೀರ್ಣವಾದಾಗ ಹುಟ್ಟುವ ಉಪವಸ್ತುವೇ ಕೆಲಸ ಮಾಡುವುದೆಂಬುದು ೨೦೧೬ರಲ್ಲಿ ಬಂದ ಇನ್ನೊಂದು ಪಕ್ಷ. ಈ ಚರ್ಚೆಯು ಇನ್ನೂ ಮುಗಿದಿಲ್ಲ. ನರವ್ಯೂಹಕ್ಕೆ ಸಂಬಂಧಿಸಿದ ಬೇರೆ ರೋಗಗಳಲ್ಲಿಯೂ ಇದೇ ದ್ವಾರಬಂಧನದಿಂದ ಪ್ರಯೋಜನವನ್ನು ಪಡೆಯಲು ವೈದ್ಯರು ಯತ್ನಿಸಿರುವರು. ಗಾಯವು ಮಾದ ಮೇಲೆಯೂ ಅಂಗದಲ್ಲಿ ಉರಿನೋವು ನೆಲೆನಿಲ್ಲುವ ಒಂದು ಬಗೆಯ ವ್ಯಾಧಿಯಲ್ಲಿಯೂ, ಬೇರೆ ಮದ್ದುಗಳಿಗೆ ನಿಲ್ಲದೆ ಮೇಲಿಂದ ಮೇಲೆ ಮರುಕಳಿಸುವ ಅಪಸ್ಮಾರದ ಸೆಳೆತದಲ್ಲಿಯೂ, ಆಸ್ಪತ್ರೆಗಳಲ್ಲಿ ಇದನ್ನು ರಕ್ತನಾಳಕ್ಕೆ ಇಳಿಸುವ ಪದ್ಧತಿಯುಂಟು.

ಕೆಟಮೈನಿನ ಅಣುವಿಗೆ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾದ ಎರಡು ರೂಪಗಳಿರುವುವು. ಅವುಗಳಲ್ಲಿ ಒಂದನ್ನು ಬೇರ್ಪಡಿಸಿ ಮೂಗಿನೊಳಕ್ಕೆ ಸಿಂಪಡಿಸುವ ಔಷಧವನ್ನು ಮಾಡಿದರು. ಎಸ್‌ಕೆಟಮೈನ್ ಎಂಬ ಈ ಮದ್ದಿಗೆ ಅಮೆರಿಕೆಯ ಔಷಧಾಡಳಿತವು, ಇತರ ಮದ್ದುಗಳಿಗೆ ಬಗ್ಗದ ವಿಷಾದರೋಗದಲ್ಲಿ ಬಳಸಲೆಂದು, ೨೦೧೯ರ ಮಾರ್ಚ್ ೫ರಂದು ಅನುಮತಿಯನ್ನು ಕೊಟ್ಟಿತು. ಆದರೆ ರೋಗಿಯು ಅದನ್ನು ಮನೆಗೆ ಒಯ್ಯುವಂತಿಲ್ಲ; ಚಿಕಿತ್ಸಾಲಯದಲ್ಲಿಯೇ ತೆಗೆದುಕೊಂಡು ಕಡಮೆಯೆಂದರೆ ಎರಡು ಗಂಟೆಗಳ ಕಾಲ ಮೇಲ್ವಿಚಾರಣೆಯಲ್ಲಿರಬೇಕು. ಆತ್ಮಹತ್ಯೆಯ ಯೋಚನೆಯುಳ್ಳ ವಿಷಾದರೋಗಿಗಳಿಗೂ ೨೦೨೦ರಲ್ಲಿ ಇದರ ಬಳಕೆಯನ್ನು ವಿಸ್ತರಿಸಿದರು. ಆದರೆ ಇದು ಆತ್ಮಹತ್ಯೆಯನ್ನೇ ತಡೆಯುವುದೆಂಬುದು ಸಿದ್ಧವಾಗಿಲ್ಲವೆಂದು ಅದೇ ಆಡಳಿತವು ಸ್ಪಷ್ಟವಾಗಿ ತಿಳಿಸಿರುವುದು.

ಹಳೆಯ ಚಿಕಿತ್ಸೆಗಳೊಡನೆ ತೂಗಿನೋಡುವ ಕೆಲಸವೂ ನಡೆದಿರುವುದು. ತೀವ್ರ ವಿಷಾದರೋಗಕ್ಕೆ ವಿದ್ಯುತ್ಕಂಪನ ಚಿಕಿತ್ಸೆಯು ಬಹುಕಾಲದಿಂದ ಪ್ರಬಲವಾದುದೆಂದು ಹೆಸರಾಗಿರುವುದು. ಆಸ್ಪತ್ರೆಯಲ್ಲಿಟ್ಟುಕೊಂಡ ರೋಗಿಗಳಲ್ಲಿ ಸ್ವೀಡನ್ನಿನವರು ನಡೆಸಿ ೨೦೨೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ರೋಗವು ಶಮನವಾದವರು ವಿದ್ಯುತ್ಕಂಪನದಿಂದ ೧೦೦ಕ್ಕೆ ೬೩, ಕೆಟಮೈನಿನಿಂದ ೪೬. ಅಮೆರಿಕೆಯಲ್ಲಿ, ಭ್ರಾಂತಿಲಕ್ಷಣಗಳಿಲ್ಲದ ರೋಗಿಗಳಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗಣನೀಯವಾಗಿ ಸುಧಾರಿಸಿದವರು ಕೆಟಮೈನಿನಿಂದ ೧೦೦ಕ್ಕೆ ೫೫, ವಿದ್ಯುತ್ಕಂಪನದಿಂದ ೪೧. ಒಂದೇ ಎರಡು ಚಿಕಿತ್ಸೆಗಳು, ಎರಡು ದೇಶಗಳಲ್ಲಿ ಎರಡು ತೀರ್ಪುಗಳು. ಪರೀಕ್ಷಿಸಲ್ಪಟ್ಟ ರೋಗಿಗಳು ಒಂದೇ ಬಗೆಯವರಲ್ಲವೆಂಬುದನ್ನು ಮರೆತು, ಇವುಗಳಲ್ಲಿ ಒಂದನ್ನೇ ಹಿಡಿದು ಜಯಘೋಷವನ್ನು ಮಾಡುವುದು ಯುಕ್ತವಲ್ಲ.

ಇದಕ್ಕಿಂತಲೂ ವಿಚಾರಾರ್ಹವಾದುದು ೨೦೨೩ರಲ್ಲಿಯೇ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಿಂದ ಪ್ರಕಟವಾದ ಪ್ರಯೋಗ. ಉಪ್ಪುನೀರಿನೊಡನೆ ಹೋಲಿಸುವ ಪರೀಕ್ಷೆಯಲ್ಲಿ ಒಂದು ತೊಡಕುಂಟು: ತೇಲಿದಂತಾದವನಿಗೆ ತಾನು ಪಡೆದುದು ಕೆಟಮೈನೇ ಎಂದು ಗೊತ್ತಾಗಿಬಿಡುವುದು, ಆಗ ಗುಣವು ಮದ್ದಿನದೋ ನಂಬಿಕೆಯದೋ ಎಂದು ಬೇರ್ಪಡಿಸುವುದು ಕಷ್ಟ. ಆದುದರಿಂದ ಅಲ್ಲಿಯ ವೈದ್ಯರು, ಬೇರೆ ಕಾರಣಗಳಿಗಾಗಿ ಶಸ್ತ್ರಚಿಕಿತ್ಸೆಗೆ ಬಂದಿದ್ದ ೪೦ ಮಂದಿ ವಿಷಾದರೋಗಿಗಳಿಗೆ, ಅವರು ಬೇರೆ ಅರಿವಳಿಕೆಯಿಂದ ಪೂರ್ಣವಾಗಿ ಅರಿವಳಿದಿದ್ದಾಗ, ಕೆಲವರಿಗೆ ಕೆಟಮೈನನ್ನೂ ಕೆಲವರಿಗೆ ಉಪ್ಪುನೀರನ್ನೂ ಕೊಟ್ಟರು. ಎರಡು ಗುಂಪಿನವರೂ ಸುಧಾರಿಸಿದರು; ಗುಂಪುಗಳಲ್ಲಿ ಭೇದವು ಕಾಣಲಿಲ್ಲ. ಎಂದಮೇಲೆ ಹಿಂದಿನ ಪ್ರಯೋಗಗಳ ಫಲವು ಬರಿಯ ಭ್ರಮೆಯೇ? ಹಾಗೆಂದು ತೀರ್ಮಾನಿಸಲು ಇದೊಂದು ಸಾಲದು. ಜೊತೆಗಿದ್ದ ಅರಿವಳಿಕೆಯೇ ಕೆಟಮೈನಿನ ಕೆಲಸವನ್ನು ಮರೆಮಾಡಿರಬಹುದು. ಆದರೆ ಎಚ್ಚರವಿರುವ ಮನಸ್ಸಿನ ಅನುಭವಕ್ಕೂ, ವೈದ್ಯನ ಆರೈಕೆಗೂ, ರೋಗಿಯ ಆಸೆಗೂ ಈ ಚಿಕಿತ್ಸೆಯಲ್ಲಿ ಎಷ್ಟು ಪಾಲೆಂಬ ಪ್ರಶ್ನೆಯನ್ನು ಇದು ಮುಂದಿಟ್ಟಿರುವುದು. ೧೯೬೪ರಲ್ಲಿ ಯಾವ ಮನೋವ್ಯಾಪಾರವನ್ನು ಹೇಗೆ ಹೆಸರಿಸಬೇಕೆಂದು ವೈದ್ಯರು ತೊಳಲಿದರೋ, ಅದರ ಅರ್ಥವನ್ನು ಕುರಿತು ಅವರ ಶಿಷ್ಯಪರಂಪರೆಯು ಇನ್ನೂ ತೊಳಲುತ್ತಿರುವುದು.

೭

ಈ ಮದ್ದಿನ ಮೂರನೆಯ ಮುಖವನ್ನು ಮರೆಮಾಡಲಾಗದು. ತೇಲುವ ಅನುಭವಕ್ಕೆ ಮರುಳಾದವರು ೧೯೭೦ರ ದಶಕದಿಂದಲೇ ಇದನ್ನು ದುರುಪಯೋಗಪಡಿಸಿಕೊಂಡರು. ಪದೇ ಪದೇ ಸೇವಿಸುವವರಲ್ಲಿ ಮೂತ್ರಾಶಯವು ಹುಣ್ಣಾಗಿ ಸುಕ್ಕಿಹೋಗುವುದನ್ನು ಕೆನಡಾದ ವೈದ್ಯರು ೨೦೦೭ರಲ್ಲಿ ವರ್ಣಿಸಿದರು. ನೆನಪಿನ ಶಕ್ತಿಯೂ ಕುಂದುವುದುಂಟು. ಅಮೆರಿಕೆಯು ೧೯೯೯ರಲ್ಲಿ ಇದನ್ನು ನಿಯಂತ್ರಿತ ವಸ್ತುಗಳಲ್ಲಿ ಸೇರಿಸಿತು. ಭಾರತದಲ್ಲಿ ೨೦೧೧ರಲ್ಲಿ ಮಾದಕವಸ್ತುಗಳ ಕಾಯಿದೆಯ ವ್ಯಾಪ್ತಿಗೂ, ೨೦೧೩ರಲ್ಲಿ ಔಷಧ ನಿಯಮಗಳ ಎಕ್ಸ್ ಎಂಬ ಅನುಸೂಚಿಗೂ ಇದನ್ನು ಸೇರಿಸಿದರು. ಆ ಅನುಸೂಚಿಯ ಮದ್ದನ್ನು ಮಾರುವ ಅಂಗಡಿಯವನು ವೈದ್ಯನ ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷಗಳ ಕಾಲ ಕಾದಿಡಬೇಕು.

ಸ್ವದೇಶದಲ್ಲಿಯ ದುರುಪಯೋಗದಿಂದ ಚಿಂತಿತವಾದ ಚೀನಾ ದೇಶವು, ೨೦೧೫ರಲ್ಲಿ ವಿಯೆನ್ನಾ ನಗರದಲ್ಲಿ ಸೇರಿದ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗದ ಮುಂದೆ, ಕೆಟಮೈನನ್ನು ೧೯೭೧ರ ಅಂತರರಾಷ್ಟ್ರೀಯ ಒಪ್ಪಂದದ ಕೆಳಗೆ ತರಬೇಕೆಂದು ಸೂಚಿಸಿತು. ಆ ಚಿಂತೆಗೆ ಆಧಾರವಿದ್ದಿತು. ಆದರೆ ನಿರ್ಬಂಧವು ಬಿಗಿಯಾದಲ್ಲಿ ಮೊದಲು ಪೆಟ್ಟುತಿನ್ನುವವರು ವ್ಯಸನಿಗಳಲ್ಲ. ಬೇರೆ ಅರಿವಳಿಕೆಯೇ ದೊರೆಯದ ಗ್ರಾಮಾಂತರದ ಆಸ್ಪತ್ರೆಗಳಲ್ಲಿ ಹೆರಿಗೆಯ ಸಂಕಟದಲ್ಲಿರುವ ಸ್ತ್ರೀಯರು, ಕೈಕಾಲು ಮುರಿದುಕೊಂಡ ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಈ ಕಾರಣದಿಂದಲೇ ನಿರ್ಬಂಧವು ಬೇಡವೆಂದು ಸಲಹೆ ಕೊಟ್ಟಿದ್ದರು. ಆಯೋಗವು ನಿರ್ಣಯವನ್ನು ಮುಂದಕ್ಕೆ ಹಾಕಿತು. ಒಂದು ಮದ್ದಿನ ಮೇಲೆ ಎಷ್ಟು ಬಗೆಯ ಜನರ ಪ್ರಾಣವು ಅವಲಂಬಿಸಿರುವುದೆಂಬುದನ್ನು ಈ ಪ್ರಸಂಗವು ತೋರಿಸುವುದು.

ಇತ್ತ, ವಿಷಾದಚಿಕಿತ್ಸೆಯ ಕೀರ್ತಿಯು ಹರಡಿದಂತೆ, ಅಮೆರಿಕೆಯಲ್ಲಿ ಹಣಕ್ಕೆ ಕೆಟಮೈನನ್ನು ಇಳಿಸುವ ಖಾಸಗಿ ಚಿಕಿತ್ಸಾಲಯಗಳು ಊರೂರಿಗೆ ಎದ್ದುವು. ಕೆಲವರು ರೋಗಿಯನ್ನು ಎದುರಿಗೆ ಕಾಣದೆ ಮನೆಗೇ ಮದ್ದನ್ನು ಕಳುಹಿಸುವ ಮಟ್ಟಕ್ಕೂ ಹೋದರು. ೨೦೨೩ರ ಅಕ್ಟೋಬರಿನಲ್ಲಿ ಔಷಧಾಡಳಿತವು ಎಚ್ಚರಿಕೆಯನ್ನು ಹೊರಡಿಸಿ, ಮಾನಸಿಕ ರೋಗಗಳಿಗೆ ಕೆಟಮೈನನ್ನು ಬಳಸಲು ತಾನು ಅನುಮತಿಯನ್ನು ಕೊಟ್ಟಿಲ್ಲವೆಂದೂ, ಮೇಲ್ವಿಚಾರಣೆಯಿಲ್ಲದೆ ಮನೆಯಲ್ಲಿ ಸೇವಿಸುವುದು ಅಪಾಯಕರವೆಂದೂ ಸಾರಿತು. ಆಸ್ಪತ್ರೆಯ ವೈದ್ಯರು ಅನುಮತಿಯ ಹೊರಗೂ ತಮ್ಮ ವಿವೇಕದಿಂದ ಔಷಧವನ್ನು ಪ್ರಯೋಗಿಸುವ ರೂಢಿಯು ಎಲ್ಲ ದೇಶಗಳಲ್ಲಿಯೂ ಇರುವುದು. ಆದರೆ ಆ ವಿವೇಕವು ರೋಗಿಯ ನಾಡಿಯ ಬಳಿಯಲ್ಲಿ ಇರತಕ್ಕುದು, ಅಂಚೆಯಲ್ಲಿ ಕಳುಹಿಸತಕ್ಕುದಲ್ಲ.

೮

ಈ ಚರಿತ್ರೆಯನ್ನು ಆಮೂಲಾಗ್ರವಾಗಿ ನೋಡಿದರೆ, ಪ್ರತಿಯೊಂದು ಹಂತದಲ್ಲಿಯೂ ಒಂದೇ ಪ್ರ್ರಶ್ನೆಯು ಎದುರಾಗಿರುವುದು ಕಂಡುಬರುವುದು: ಎಷ್ಟು, ಯಾರಿಗೆ, ಯಾರ ಕಣ್ಣೆದುರಿನಲ್ಲಿ? ಅಳತೆಯೆಂದರೆ ತಕ್ಕಡಿಯಲ್ಲಿ ತೂಗುವ ಮಿಲಿಗ್ರಾಮು ಮಾತ್ರವಲ್ಲ. ರೋಗಿಯನ್ನು ಕಾಯುವ ಎರಡು ಗಂಟೆಗಳೂ ಅಳತೆಯೇ; ಒಂದು ವಾರಕ್ಕೆ ಫಲವು ಇಳಿಯಬಹುದೆಂದು ಮೊದಲೇ ತಿಳಿಸುವ ಮಾತೂ ಅಳತೆಯೇ; ಚಟದವನ ಭಯದಿಂದ ಬಾಣಂತಿಯ ಮದ್ದನ್ನು ಕಸಿಯದಿರುವ ಕಾನೂನಿನ ತಾಳ್ಮೆಯೂ ಅಳತೆಯೇ.

ಈ ಔಷಧದಿಂದ ಗುಣ ಹೊಂದಿದವರು, ಗುಣವನ್ನು ನಿರೀಕ್ಷಿಸಿ ಕಾಣದವರು, ಗುಹೆಯಿಂದ ಜೀವಸಹಿತ ಬಂದ ಮಕ್ಕಳು, ಇವರೆಲ್ಲರ ಹಿಂದೆ ಜಾಕ್ಸನ್ ಸೆರೆಮನೆಯ ಆ ೨೦ ಮಂದಿ ನಿಂತಿರುವರು. ಸ್ಟೀವನ್ಸ್, ಡಾಮಿನೋ, ಕಾರ್ಸನ್ ಇವರ ಹೆಸರುಗಳು ವೈದ್ಯಗ್ರಂಥಗಳಲ್ಲಿ ಉಳಿದಿರುವುವು. ಪದವನ್ನು ಸೂಚಿಸಿದ ಟೋನಿಯ ಹೆಸರೂ ಉಳಿಯಿತು. ಮೊದಲು ಮೈಯೊಡ್ಡಿದ ಕೈದಿಗಳ ಹೆಸರುಗಳು ಪ್ರಬಂಧದಲ್ಲಿಲ್ಲ. ಎಷ್ಟು ಮದ್ದಿಗೆ ಮನುಷ್ಯನು ತನ್ನ ದೇಹವನ್ನೇ ಮರೆಯುವನೆಂಬ ಮೊದಲ ಲೆಕ್ಕವು ಅವರ ಶರೀರಗಳಿಂದ ದೊರೆತುದು. ಮುಂದೆ ಈ ಮದ್ದನ್ನು ಕೊಡುವ ವೈದ್ಯನೂ ಪಡೆಯುವ ರೋಗಿಯೂ ಆ ಲೆಕ್ಕವನ್ನು ಮೀರದೆ ನಡೆದರೆ, ಅವರಿಗೆ ಸಲ್ಲಬೇಕಾದ ಋಣವು ಸ್ವಲ್ಪಮಟ್ಟಿಗಾದರೂ ಸಂದಂತಾಗುವುದು.